ಹೊಸ ಹಮಾಲ ಬಂದ ವರ್ಷ

ಇದು ಶುರುವಾದದ್ದು ದೀಪಾವಳಿಯ ಪಾಡ್ಯ ಮುಗಿದು ಎಂಟನೇ ದಿನ, ಬೆಳಗಿನ ಗಿರಣಿ ಸದ್ದು ಮಾಡುವ ಹೊತ್ತಿಗೆ. ಹಿಂಗಾರಿ ಜೋಳ ಮೊಳಕಾಲೆತ್ತರ ಬಂದಿತ್ತು. ಚಳಿ ಇನ್ನೂ ಗಟ್ಟಿಯಾಗಿರಲಿಲ್ಲ, ಆದರೆ ಮೂಡಣ ಗಾಳಿ ಬಿಟ್ಟಿತ್ತು. ನಮ್ಮೂರು ಇರುವುದು ಎರಡು ಕಲ್ಲುಗುಡ್ಡಗಳ ನಡುವಿನ ಸಂದಿಯಲ್ಲಿ. ಆ ಸಂದಿಗೆ ನಾವು ಬಾಯಿ ಎನ್ನುತ್ತೇವೆ. ಬಾಯಿಯಿಂದ ಗಾಳಿ ಒಮ್ಮೆ ನುಗ್ಗಿತೆಂದರೆ ಸಂಕ್ರಾಂತಿಯವರೆಗೂ ನಿಲ್ಲುವುದಿಲ್ಲ. ಭಾರ ಇದ್ದವರಿಗೆ ಅದು ಬರೀ ಗಾಳಿ. ಹೆಗಲ ಮೇಲಿನ ಟವೆಲ್ಲು ಬಿಗಿ ಮಾಡಿಕೊಂಡು ನಡೆದುಬಿಡುತ್ತಾರೆ. ಹಗುರಾದವರು ಗೋಡೆ ಹಿಡಿದು ನಡೆಯಬೇಕು.

ನಮ್ಮಲ್ಲಿ ಮನುಷ್ಯನ ತೂಕ ಉಂಡ ರೊಟ್ಟಿಯಿಂದ ಬರುವುದಿಲ್ಲ, ಅವನನ್ನು ಎಷ್ಟು ಮಂದಿ ಆತುಕೊಂಡಿದ್ದಾರೆ ಎಂಬುದರಿಂದ ಬರುತ್ತದೆ. ಮಕ್ಕಳ ಮಾತು ಬೇರೆ, ಅವಕ್ಕೆ ತಾಯಿಯ ತೂಕದಲ್ಲೇ ಪಾಲು. ದೊಡ್ಡವರಾದ ಮೇಲೆ ತಮ್ಮದು ತಮಗೆ. ನಮ್ಮಜ್ಜನ ಕಾಲಕ್ಕೆ ಮನೆಯವರು ಆತುಕೊಂಡರೂ ತೂಕ ಬರುತ್ತಿತ್ತಂತೆ, ನೆರೆಮನೆಯವರು ಆತುಕೊಂಡರೂ ಬರುತ್ತಿತ್ತಂತೆ. ನನಗೆ ನಡುವಯಸ್ಸು ಬರುವ ಹೊತ್ತಿಗೆ ಅದೆಲ್ಲ ಸವೆದು ಹೋಗಿ, ಊರ ಪುಟವೊಂದೇ ಉಳಿದಿತ್ತು.

ಊರ ಪುಟವೆಂದರೆ ನಮ್ಮೂರಿನ ವೆಬ್‌ಸೈಟು. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು, ಬಸ್ಸು ಬಂತೋ ಇಲ್ಲವೋ, ಯಾರ ಅಂಗಡಿ ತೆಗೆದಿದೆ, ಯಾರ ಮನೆಯಲ್ಲಿ ಮಜ್ಜಿಗೆ ಮಿಕ್ಕಿದೆ, ಯಾರು ತೀರಿಕೊಂಡರು, ಎಲ್ಲ ಅದರಲ್ಲಿ. ಅದು ಒಬ್ಬರ ಸ್ವತ್ತಲ್ಲ. ಒಳಗಿನ ಕೋಡನ್ನು ಯಾರು ಬೇಕಾದರೂ ತೆಗೆದು ನೋಡಬಹುದು, ತಿದ್ದಬಹುದು. ಊರಿನ ಒಬ್ಬೊಬ್ಬರೂ ಒಂದೊಂದು ತುಣುಕು ಬರೆದು ಅದಕ್ಕೆ ಹಚ್ಚಿದ್ದಾರೆ. ಒಂದು ತುಣುಕು ಇನ್ನೊಂದನ್ನು ಆತುಕೊಂಡಿರುತ್ತದೆ, ಅದು ಮತ್ತೊಂದನ್ನು. ಎಲ್ಲವನ್ನೂ ಹುಡುಕಿ, ಸರಿಯಾದ ವರ್ಷನ್ ನೋಡಿ, ಹೊತ್ತು ತಂದು ಒಂದೆಡೆ ಕೂಡಿಸಲು ಬೇರೊಂದು ಸಾಧನ ಇರುತ್ತದೆ. ಅದೂ ಬರೆದದ್ದೇ, ಕಬ್ಬಿಣದ್ದಲ್ಲ. ಅದಕ್ಕೆ ನಾವು ಹಮಾಲ ಎನ್ನುತ್ತಿದ್ದೆವು. ಪುಟದ ಕೊನೆಗೆ ಕೇಳುವ ಗೋಡೆ ಅಂತ ಒಂದಿದೆ, ಯಾರಿಗೆ ಯಾರನ್ನು ಏನು ಕೇಳಬೇಕೋ ಅಲ್ಲಿ ಬರೆಯುವುದು. ಮೊದಲು ಅದು ತುಂಬಿ ತುಳುಕುತ್ತಿತ್ತು. ಆಮೇಲೆ ಎಲ್ಲವನ್ನೂ ಪುಟವೇ ಹೇಳಲು ಶುರು ಮಾಡಿತು. ಗೋಡೆ ಬರಿದಾಗಿ ವರ್ಷಗಳಾಗಿದ್ದವು.

ನಾನು ಗದಿಗೆಪ್ಪ. ಹಗ್ಗ ಹೊಸೆಯುವವನು. ಓದಿದ್ದು ಎರಡನೇ ಇಯತ್ತೆ. ಕೋಡು ಬರೆಯಲು ಬಾರದು, ಆದರೆ ಕೇಳಿದ್ದನ್ನು ಮರೆತವನಲ್ಲ. ಯಾವ ತುಣುಕು ಯಾವುದನ್ನು ಆತುಕೊಂಡಿದೆ, ಯಾರು ಬರೆದದ್ದು, ಯಾವ ವರ್ಷ ಯಾಕೆ ತಿದ್ದಿದರು ಎಂಬುದೆಲ್ಲ ಹಗ್ಗದ ಎಳೆಯ ಹಾಗೆ ತಲೆಯೊಳಗೆ ಸುತ್ತಿಕೊಂಡಿತ್ತು. ಏನಾದರೂ ಬದಲಿಸುವ ಮುಂಚೆ ಹುಡುಗರು ನನ್ನ ಕಟ್ಟೆಗೆ ಬಂದು, "ಅಜ್ಜಾರ, ಇದನ್ನ ತಗದ್ರ ಯಾರ ಬೀಳ್ತಾರ್ರಿ?" ಎನ್ನುತ್ತಿದ್ದರು. ನಾನು ಹೊಸೆಯುತ್ತಲೇ ಹೇಳುತ್ತಿದ್ದೆ. ಕೆಲಸದ ಕ್ರಮ ಬರೆದಿಟ್ಟ ಹಾಳೆಯಲ್ಲಿ ನಾಲ್ಕನೆಯ ಸಾಲು "ಗದಿಗೆಪ್ಪನನ್ನು ಕೇಳುವುದು" ಅಂತಲೇ ಇತ್ತು. ಆ ಒಂದು ಸಾಲಿನ ಮೇಲೆ ನನ್ನ ಅರವತ್ತೊಂದು ಕಿಲೋ ನಿಂತಿತ್ತು.

ನನ್ನ ತಂಗಿ ಸಾವಂತ್ರೆವ್ವ ಗಂಡ ಸತ್ತ ಮೇಲೆ ನನ್ನ ಮನೆಯ ಮುಂದಿನ ಖೋಲಿಯಲ್ಲೇ ಇದ್ದಳು, ಹತ್ತೊಂಬತ್ತು ವರ್ಷ. ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಲೇ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕುಳಿತು ಕಲಿತವಳು. ನಲವತ್ತು ದಾಟಿದ ಮೇಲೆ ಹನ್ನೊಂದು ಸಾಲಿನ ಒಂದು ತುಣುಕು ಬರೆದಳು. ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಅದು ಹೇಳುತ್ತದೆ, ಅಷ್ಟೇ. ಅಮಾವಾಸ್ಯೆಗೆ ನಮ್ಮೂರ ಪಂಪಿಗೆ ರಜೆ, ನೀರು ಬಿಡುವುದಿಲ್ಲ. ಹಾಗಾಗಿ ನೀರಿನ ತುಣುಕು ಅವಳ ಹನ್ನೊಂದು ಸಾಲನ್ನು ಆತುಕೊಂಡಿತ್ತು, ಇಡೀ ಊರು ನೀರಿನ ತುಣುಕನ್ನು. ಸಾವಂತ್ರಿ ಐವತ್ತೆರಡು ಕಿಲೋ ತೂಗುತ್ತಿದ್ದಳು. ಬೇರೆ ಇನ್ನೇನೂ ಅವಳಿಗೆ ಇರಲಿಲ್ಲ.

ಆ ದಿನ ಬೆಳಿಗ್ಗೆ ಅವಳು ಫೋನು ಹಿಡಿದುಕೊಂಡು ಕಟ್ಟೆಗೆ ಬಂದಳು, ಮುಂಗೈಗೆಲ್ಲ ಹಿಟ್ಟು. "ಅಣ್ಣಾ, ಜುಬೇದಾ ಒಂದು ನೋಟೀಸ್ ಹಾಕ್ಯಾಳ. ಹಮಾಲನ್ನ ಬದಲಿ ಮಾಡ್ತಾರಂತ."

"ಓದು."

ಓದಿದಳು. ಈಗ ಪುಟದ ಕೆಲಸ ನೋಡಿಕೊಳ್ಳುವ ಹುಡುಗಿ ಜುಬೇದಾ ಬರೆದದ್ದು ಇಷ್ಟು: ಹಳೆಯ ಹಮಾಲ ಬಹಳ ನಿಧಾನವಾಗಿದ್ದಾನೆ, ಅವನನ್ನು ನೋಡಿಕೊಳ್ಳುವವರು ಈಗ ಯಾರೂ ಇಲ್ಲ. ಬೆಳಿಗ್ಗೆ ಪುಟ ತೆರೆಯುವಷ್ಟರಲ್ಲಿ ನೀರು ಬಂದು ಹೋಗಿರುತ್ತದೆ. ಹೊರಗಿನಿಂದ ತುಣುಕು ಕೊಡುವ ಜಾಗಗಳು ಅವನ ಮುಖ ನೋಡಿ ಬಾಗಿಲು ಹಾಕಿಕೊಳ್ಳುತ್ತಿವೆ. ಹೊಸ ಹಮಾಲನನ್ನು ತರೋಣ. ಅವನ ಜೊತೆ ನೀರಿನ ತುಣುಕಿನ ಹೊಸ ವರ್ಷನ್ ಬರುತ್ತದೆ. ಬೇಡ ಎನ್ನುವವರು ಹೇಳಿ. ಮೂರು ಸಂತೆ ಕಳೆದರೂ ಯಾರೂ ಹೇಳದಿದ್ದರೆ ಒಪ್ಪಿದಂತೆ.

ಆ ಮೂರು ಸಂತೆಯ ಪದ್ಧತಿ ನಮ್ಮಲ್ಲಿ ಹಳೆಯದು. ನಮ್ಮ ಜನ ಬೈಯಲು ತಡ ಮಾಡುವುದಿಲ್ಲ, ಹೂಂ ಎನ್ನಲು ಮಾತ್ರ ಸೋಮಾರಿಗಳು. ಅದಕ್ಕೇ ಮೂರು ಸೋಮವಾರ ಸುಮ್ಮನಿದ್ದರೆ ಹೂಂ ಎಂದೇ ಲೆಕ್ಕ.

"ಜುಬೇದಾ ಬರೆದದ್ದು ಖರೇನ ಐತಿ" ಎಂದಳು ಸಾವಂತ್ರಿ. "ಮೊನ್ನೆ ಗೌಂಡಿ ಓಣ್ಯಾಗ ಬಾಣಂತಿ ಮನಿಗೆ ನೀರ ಸಿಗಲಿಲ್ಲ. ಪುಟ ತೆರದಾಗ ಹೊತ್ತ ಆಗಿತ್ತು." ಮುಂಗೈಯ ಹಿಟ್ಟು ಒರೆಸಿಕೊಳ್ಳುತ್ತ, "ಹೊಸ ಹಮಾಲ ನನ್ನ ತುಣುಕು ತರತಾನೋ ಇಲ್ಲೋ?" ಎಂದಳು.

ನನಗೆ ಗೊತ್ತಿತ್ತು. ಹೊಸ ಹಮಾಲ ಒಂದೇ ಕೆಲಸ ಮಾಡುವ ಎರಡು ತುಣುಕು ಕಂಡರೆ ಒಂದನ್ನು ಕೆಳಗಿಡುತ್ತಾನೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೆ. ನೀರಿನ ಹೊಸ ವರ್ಷನ್ ಹೊರಗಿನದೊಂದು ದೊಡ್ಡ ಪಂಚಾಂಗದ ತುಣುಕನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ ಎಂಬುದೂ ನೆನಪಿತ್ತು. ಎರಡನ್ನೂ ಕೂಡಿಸಿದರೆ ಬೀಳುವವರು ಯಾರೆಂದು ನನ್ನಂತೆ ತಿಳಿದವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

"ನನ್ನ ಕೇಳಾಕ ಬರ್ತಾರ" ಎಂದೆ. "ನಾಕನೇ ಸಾಲು ಹಂಗ ಐತಲ್ಲ. ಬಂದಾಗ ಹೇಳ್ತೀನಿ."

"ನೀನ ಹೋಗಿ ಹೇಳಿದ್ರ?"

ನಾನು ಹಗ್ಗದ ಎಳೆ ಎಳೆದು ಬಿಗಿ ಮಾಡಿದೆ. ಹದಿನೆಂಟು ವರ್ಷದ ಹಿಂದೆ ಒಮ್ಮೆ ಕೇಳದೆ ಬಾಯಿ ಹಾಕಿದ್ದೆ. ಕುಂಬಾರ ಈರಪ್ಪನ ತುಣುಕು ಬೀಳುತ್ತದೆಂದು ಅಡ್ಡ ನಿಂತು ಒಂದು ಅಪ್‌ಡೇಟು ನಿಲ್ಲಿಸಿದೆ. ಪುಟ ಎಂಟು ದಿನ ಬಂದ್ ಆಯಿತು. ನೀರಿನ ಪಾಳಿ ಕಲಸಿಹೋಗಿ ಎರಡು ಓಣಿಯವರು ಕೊಡ ಎತ್ತಿಕೊಂಡು ಬಡಿದಾಡಿದರು. ಬೈಗುಳವೆಲ್ಲ ಈರಪ್ಪನ ಮನೆ ಬಾಗಿಲಿಗೆ ಬಂತು. ಒಂಬತ್ತನೇ ದಿನ ಅವನು ತೂಕ ಇದ್ದ ಹಾಗೆಯೇ ಊರು ಬಿಟ್ಟ. ಕೇಳಿದರಷ್ಟೇ ಹೇಳಬೇಕು ಎಂದು ಅಂದು ಕಿವಿ ಹಿಂಡಿಕೊಂಡಿದ್ದೆ. ಇದು ಒಂದು ಕಾರಣ. ಇನ್ನೊಂದನ್ನು ಈಗ ಹೇಳುತ್ತೇನೆ, ಆಗ ನನಗೇ ಹೇಳಿಕೊಂಡಿರಲಿಲ್ಲ. ಜನ ನನ್ನ ಕಟ್ಟೆಗೆ ಬಂದು ಕೇಳುವುದು ನನಗೆ ಹಿತವಾಗಿತ್ತು. ನಾನಾಗಿ ಎದ್ದು ಹೋಗಿ ಹೇಳುವುದು ಹಿತವಾಗಿರಲಿಲ್ಲ.

ಮೊದಲ ಸಂತೆ ಬಂತು, ಹೋಯಿತು. ಜುಬೇದಾ ಬರಲಿಲ್ಲ. ಎರಡನೆಯದೂ ಹೋಯಿತು. ಮೂರನೇ ಸೋಮವಾರ ನಾನು ಮಧ್ಯಾಹ್ನ ಊಟಕ್ಕೂ ಏಳದೆ ಕಟ್ಟೆಯ ಮೇಲೆ ಕೂತಿದ್ದೆ. ಅವಳು ಸಂತೆಯಿಂದ ಬದನೆಕಾಯಿ ಹಿಡಿದುಕೊಂಡು ನನ್ನ ಮುಂದೆಯೇ ಹಾದುಹೋದಳು. "ಆರಾಮ ಅದೀರಿ ಅಜ್ಜಾರ?" ಎಂದಳು. "ಆರಾಮ ಅದೀನವಾ" ಎಂದೆ. ಅಷ್ಟೇ. ಅವಳ ಚಪ್ಪಲಿಯ ಸಪ್ಪಳ ಓಣಿ ತಿರುಗುವವರೆಗೂ ಕೇಳಿದೆ. ಮಂಗಳವಾರ ಬೆಳಿಗ್ಗೆ ಹೊಸ ಹಮಾಲ ಕೆಲಸಕ್ಕೆ ನಿಂತ. ಪುಟ ರೆಪ್ಪೆ ಬಡಿಯುವಷ್ಟರಲ್ಲಿ ತೆರೆಯಿತು. ಓಣಿ ಓಣಿಯಲ್ಲಿ ಹೆಂಗಸರು ಕೊಡ ಹಿಡಿದು, "ಭೇಷ್ ಮಾಡ್ಯಾಳ ಹುಡುಗಿ" ಎಂದರು. ಸಾವಂತ್ರಿಯೂ ಅಂದಳು.

ಪ್ರತಿ ಸೋಮವಾರ ಸಂತೆಯ ಕಟ್ಟೆಯಲ್ಲಿ ದೊಡ್ಡವರೆಲ್ಲ ತೂಕಕ್ಕೆ ನಿಲ್ಲುವುದು ನಮ್ಮ ರೂಢಿ. ಹಳೆಯ ಹತ್ತಿ ತೂಗುವ ತಕ್ಕಡಿ ಅದು. ಅದನ್ನು ನೋಡಿಕೊಳ್ಳುವವನು ಕ್ಷೌರದ ದುಂಡಪ್ಪ. ಯಾರ ಅಂಗಡಿ ತೆಗೆದಿದೆ ಎಂದು ಹೇಳುವ ತುಣುಕು ಅವನದು, ಹೀಗಾಗಿ ನೂರಾ ಹನ್ನೆರಡು ಕಿಲೋ ಮನುಷ್ಯ. ನೋಡಲು ಮಾತ್ರ ಒಣ ಜೋಳದ ದಂಟು. ಬಾಯಿ ಎಂದೂ ಸುಮ್ಮನಿರದು.

ಹೊಸ ಹಮಾಲ ಬಂದ ಮೇಲಿನ ಮೊದಲ ಸೋಮವಾರ ಸಾವಂತ್ರಿ ನಿಂತಾಗ ಮುಳ್ಳು ನಲವತ್ತೊಂದಕ್ಕೆ ನಿಂತಿತು.

"ಏನಬೇ ಸಾವಂತ್ರಕ್ಕಾ, ಕಾರ್ತೀಕದಾಗ ಒಂದೊಪ್ಪತ್ತು ಮಾಡಿದ್ಯೇನ?" ಎಂದ ದುಂಡಪ್ಪ. ಸುತ್ತ ನಿಂತವರು ನಕ್ಕರು. ಅವಳೂ ನಕ್ಕಳು. ಇಳಿದು ಬಂದು ನನ್ನ ಪಕ್ಕ ನಿಂತಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ನಾನು ಅಂದು ಸಂಜೆಯೇ ಜುಬೇದಾಳ ಮನೆಗೆ ಹೋದೆ. ಎಷ್ಟೋ ವರ್ಷದ ಮೇಲೆ ನಾನಾಗಿ ಒಬ್ಬರ ಹೊಸ್ತಿಲು ತುಳಿದದ್ದು. ಅವಳು ಮುಖ ನೋಡಿಯೇ ಎದ್ದು ನಿಂತಳು. ಹೇಳಿದೆ. ಅವಳು ಕಂಪ್ಯೂಟರು ತೆಗೆದು ಹೊಸ ಹಮಾಲ ಬಿಡಿಸಿದ ಗಿಡದ ಚಿತ್ರ ನೋಡಿದಳು, ಯಾವ ಕೊಂಬೆ ಯಾವುದಕ್ಕೆ ಕೂಡಿದೆ ಎಂಬುದು. ತುಂಬ ಹೊತ್ತು ನೋಡಿದಳು.

"ಇಲ್ರೀ ಅಜ್ಜಾರ. ಅಕ್ಕಾರ ಹೆಸರ ಎಲ್ಲೂ ಇಲ್ಲ" ಎಂದಳು. "ಹಮಾಲ ತಾನ ಗಿಡಾ ಬರೀತಾನ. ಅದಕ್ಕ ನಾಕನೇ ಸಾಲು ಬೇಕಾಗಂಗಿಲ್ಲಂತ ನಾನ ತಗದಿದ್ದೆ. ನೀವು ಹಿಂದಿಂದ ನೆನಪಿಟಗೊಂಡು ಕುಂದರೂದು ತಪ್ಪಲಿ ಅಂತ. ಅವರ ಹನ್ನೊಂದ ಸಾಲು ನೋಡೇ ನಾ ಕೋಡ್ ಕಲ್ತಾಕಿ. ನೀವ್ಯಾಕ ಒಂದ ಮಾತು ಹೇಳಲಿಲ್ಲ?"

"ಕೇಳಾಕ ಬರ್ತೀರಿ ಅಂತ ಕುಂತಿದ್ದೆ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಮಾರನೇ ದಿನ ಜುಬೇದಾ ನಮ್ಮ ಮನೆಗೆ ಬಂದಳು, ಮುಂದಿನ ಖೋಲಿಯಲ್ಲಿ ಸಾವಂತ್ರಿಯ ಎದುರು ನೆಲಕ್ಕೆ ಕೂತಳು. "ಅಕ್ಕಾರ, ನಿಮ್ಮ ತುಣುಕು ಒಳಗ ಹಾಕೀನಿ. ದಿನಾ ಬೆಳಿಗ್ಗೆ ಹಮಾಲ ನಿಮ್ಮದನ್ನೂ ಕೇಳ್ತಾನ. ಪಂಚಾಂಗದ ಉತ್ತರ ಮುಂದ ಹೋಗತೈತಿ. ನಿಮ್ಮದು ಸುಮ್ನ ಇರತೈತಿ, ಆದ್ರ ಕೇಳೂದು ಕೇಳ್ತಾನ" ಎಂದಳು. ನನಗೆ ಅದು ಆಗುವಂಥದ್ದಲ್ಲ ಎನಿಸಿತ್ತು. ಸೋಮವಾರ ತಕ್ಕಡಿಯೂ ಅದನ್ನೇ ಹೇಳಿತು. ಇಪ್ಪತ್ತೇಳು. ಉತ್ತರ ಬೇಕಿಲ್ಲದವರು ಕೇಳಿದರೆ ನಮ್ಮ ತಕ್ಕಡಿ ಅದನ್ನು ಕೇಳಿದ್ದೆಂದು ಎಣಿಸುವುದಿಲ್ಲ. ಅದೇ ದಿನ ನಾನೂ ನಿಂತೆ. ನಲವತ್ತನಾಲ್ಕು.

"ಅಣ್ಣಾ ತಂಗಿ ಕೂಡೇ ಹಾರ್ತೀರೇನಪಾ?" ಎಂದು ದುಂಡಪ್ಪ ಅಭ್ಯಾಸಬಲದಿಂದ ಅಂದುಬಿಟ್ಟ. ಈ ಸಲ ಯಾರೂ ನಗಲಿಲ್ಲ. ಅವನೇ ತಲೆ ತಗ್ಗಿಸಿ ತಕ್ಕಡಿಯ ಸರಪಳಿ ಒರೆಸತೊಡಗಿದ.

ಇನ್ನೊಂದು ದಾರಿ ಇತ್ತು. ನೀರಿನ ಹೊಸ ತುಣುಕನ್ನು ಬಿಚ್ಚಿ, ಪಂಚಾಂಗವನ್ನು ಕಿತ್ತು, ಅಲ್ಲಿ ಸಾವಂತ್ರಿಯ ಹನ್ನೊಂದು ಸಾಲನ್ನು ಹೊಲಿಯುವುದು. ನಾಲ್ಕೈದು ದಿನ ಪುಟ ಬಂದ್ ಇಡಬೇಕಾಗುತ್ತಿತ್ತು. ಜುಬೇದಾ ಅದಕ್ಕೂ ತಯಾರಿದ್ದಳು. ಹೇಳಲು ಬಂದಾಗ ಸಾವಂತ್ರಿ ಜರಡಿ ಕೆಳಗಿಟ್ಟಳು. "ಆ ಪಂಚಾಂಗದ್ದು ತೋರಸು" ಎಂದಳು. ಇಬ್ಬರೂ ತಲೆಗೆ ತಲೆ ಹಚ್ಚಿ ಓದಿದರು. ನಾನು ಗೋಡೆಗೆ ಒರಗಿ ಕೂತಿದ್ದೆ, ಕಾಲ ಮೇಲೆ ಎರಡು ಇಟ್ಟಿಗೆ ಇಟ್ಟುಕೊಂಡು.

"ತಿಥಿ ಒಂದ ದಿನ ಸರಿಯೂದಕ್ಕ ಏನ ಮಾಡ್ಯಾನ ನೋಡು" ಎಂದಳು ಸಾವಂತ್ರಿ ಬೆರಳಿಟ್ಟು. "ನಾ ಅದನ್ನ ಕೈಲೆ ತಿದ್ದತಿದ್ದೆ, ಮೂರ ವರ್ಷಕ್ಕೊಮ್ಮೆ. ಇವ ತಾನ ತಿದ್ದಿಕೊಳ್ಳೂ ಹಂಗ ಬರದಾನ. ಯಾವ ಊರಾಂವನೋ. ಶ್ಯಾಣ್ಯಾ ಅದಾನ."

"ಅಕ್ಕಾರ, ಅದನ್ನ ತಗೀಲಿ?"

"ಚೊಲೋ ಇರೂದನ್ನ ಕೆಡಿಸಿ ನಾ ಇರಬೇಕೇನವಾ? ಈರಪ್ಪನ ಬಾಗಲಾಗ ಆದದ್ದು ನನ್ನ ಬಾಗಲಾಗ ಬ್ಯಾಡ." ಅವಳು ನನ್ನ ಕಡೆ ನೋಡಲಿಲ್ಲ. "ಬಾಣಂತಿ ಮನಿಗೆ ನೀರು ಬರಾಕತ್ತೈತಿಲ್ಲೋ? ಬರಲಿ ಬಿಡು."

ಆ ಮಧ್ಯೆ ಕಾರ್ತೀಕದ ಅಮಾವಾಸ್ಯೆ ಬಂದು ಹೋಗಿತ್ತು. ನಾನು ಒಳಗೊಳಗೇ ಕಾದಿದ್ದೆ, ಹೊಸದು ತಪ್ಪು ಹೇಳಲಿ, ಅಮಾವಾಸ್ಯೆಗೇ ನೀರು ಬಿಟ್ಟು ಪಂಪು ಸುಡಲಿ ಎಂದು. ಹಾಗೆ ಕಾದದ್ದಕ್ಕೆ ನನಗೆ ನಾಚಿಕೆ ಇದೆ. ಅದು ಸರಿಯಾಗಿಯೇ ಹೇಳಿತು. ಅಂದು ಬೆಳಿಗ್ಗೆ ಸಾವಂತ್ರಿಯೂ ಎದ್ದವಳೇ ಮೊದಲು ಪುಟ ತೆರೆದು ನೋಡಿದಳು. "ಸರೀನ ಹೇಳೈತಿ" ಎಂದು ಫೋನು ಗೂಡಿನಲ್ಲಿಟ್ಟಳು. ಆಮೇಲೂ ಇಂದಿನವರೆಗೆ ಅದು ಒಂದು ದಿನವೂ ತಪ್ಪಿಲ್ಲ. ಊರಿಗೆ ಏನೂ ಕೆಡಲಿಲ್ಲ.

ಹಗುರಾಗುವುದು ಹೊರಗಿನವರು ಅಂದುಕೊಂಡ ಹಾಗಲ್ಲ. ನೋವಿಲ್ಲ. ಮೊದಲು ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಆಮೇಲೆ ಮಂಚದ ನುಲಿ ಬಾಗುವುದಿಲ್ಲ, ಮಲಗಿ ಎದ್ದರೆ ಹಾಸಿಗೆಯಲ್ಲಿ ಮಲಗಿದ ಗುರುತೇ ಇರುವುದಿಲ್ಲ. ಹಿಟ್ಟು ನಾದಲು ಕೈಗೆ ಒತ್ತು ಸಿಗದು. ಸಾವಂತ್ರಿ ರೊಟ್ಟಿ ಬಡಿಯುವುದನ್ನು ಬಿಟ್ಟದ್ದು ಹದಿನಾಲ್ಕು ಕಿಲೋ ಆದ ವಾರ. ನಾನು ಬಡಿದೆ. ಅಂಚು ಹರಿದ ರೊಟ್ಟಿ. "ಅಣ್ಣಾ, ಇದು ರೊಟ್ಟಿನೋ ಯಾವದರ ದೇಶದ ನಕಾಶೆನೋ?" ಎಂದು ನಕ್ಕಳು. ಸೊಂಟಕ್ಕೆ ಭಾರದ ಕಲ್ಲು ಕಟ್ಟಿಕೊಂಡು ಒಳಗೇ ಓಡಾಡುತ್ತಿದ್ದಳು. ಗಿರಣಿಯವರು ಇನ್ನು ಬರಬೇಡ ಎಂದಿದ್ದರು. ಜರಡಿ ಜೊತೆ ಅವಳೂ ಅಲುಗಾಡುತ್ತಿದ್ದಳಂತೆ.

ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಸಂತೆಕಟ್ಟೆಯಿಂದ ಬಾಯಿಯವರೆಗೆ ಗೋಡೆಗುಂಟ ಒಂದು ಹಗ್ಗ ಇರುತ್ತದೆ, ಹಗುರಾದವರು ಹಿಡಿದು ನಡೆಯಲಿ ಎಂದು. ಪ್ರತಿ ವರ್ಷ ಅದನ್ನು ಹೊಸೆದು ಕಟ್ಟುವವನು ನಾನು. ಆ ವರ್ಷವೂ ಹೊಸೆದೆ. ಮೂರೆಳೆ ಹಾಕುವಲ್ಲಿ ನಾಲ್ಕೆಳೆ ಹಾಕಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು.

"ಭಾಳ ಗಟ್ಟಿ ಮಾಡಾಕತ್ತಿ."

"ಇರಲಿ ಬಿಡು."

"ಕೈಗೆ ಚುಚ್ಚತೈತಿ ಅಣ್ಣಾ. ಮ್ಯಾಲ ಹಳೇ ಅರಿವಿ ಸುತ್ತು."

ಸುತ್ತಿದೆ. ಅವಳದೇ ಒಂದು ಹಳೆಯ ಸೀರೆ ಹರಿದು ಸುತ್ತಿದೆ.

ಕೊನೆಯ ಸೋಮವಾರ ತಕ್ಕಡಿ ಎಂಟು ತೋರಿಸಿತು. ಹತ್ತರೊಳಗೆ ಬಂದವರನ್ನು ಗೋಡೆಯೊಳಗೆ ಇಟ್ಟುಕೊಳ್ಳುವುದು ಪಾಪ ಎನ್ನುತ್ತಾರೆ. ಗಾಳಿ ಸೂರು ಕಿತ್ತರೆ ಅವರು ಸಿಗುವುದಿಲ್ಲ. ಬಾಯಿ ದಾಟಿಸಿದರೆ ಆಚೆಯ ಇಳಿಜಾರಿನಲ್ಲಿ ಗಾಳಿ ಇಲ್ಲವಂತೆ, ಅಲ್ಲಿ ಹಗುರಾದವರೂ ನಡೆಯಬಹುದಂತೆ. ದಾಟಿದವರು ಯಾರೂ ತಿರುಗಿ ಬಂದಿಲ್ಲ. ದುಂಡಪ್ಪ ಆ ದಿನ ತೂಕ ಕೂಗಲಿಲ್ಲ. ತನ್ನ ಎರಡೂ ಕೈಯಿಂದ ಅವಳನ್ನು ತಕ್ಕಡಿಯಿಂದ ಇಳಿಸಿ, "ಅಕ್ಕಾ, ಹಿಂದಿಂದೆಲ್ಲಾ ಹೊಟ್ಟ್ಯಾಗ ಹಾಕ್ಕೊ" ಎಂದ.

"ನಿನ್ನ ಚ್ಯಾಷ್ಟಿ ಇಲ್ಲಂದ್ರ ಸಂತಿ ಹೆಂಗ ನಡದೀತೋ ದುಂಡ್ಯಾ" ಎಂದಳು.

ಎರಡು ದಿನ ಕಳೆದು ಎಳ್ಳಮಾಸಿಯ ತಯಾರಿಗೆ ಊರೆಲ್ಲ ಕಡಬು, ಶೇಂಗಾ ಹೋಳಿಗೆ ಎಂದು ಕುದಿಯುತ್ತಿತ್ತು. "ಅಮಾಸಿ ಮುಗಿಸಿಕೊಂಡು ಹೋಗು" ಎಂದೆ. "ಗಾಳಿ ನಾಳಿಗೆ ಕಡಿಮಿ ಐತಿ, ಶನಿವಾರಕ್ಕ ಜೋರ ಆಗತೈತಂತ. ಪುಟ ಹೇಳೈತಿ" ಎಂದಳು. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟೆವು. ನಾನು ಇಪ್ಪತ್ತೆರಡು ಕಿಲೋದವನು, ಜೋಳಿಗೆಯಲ್ಲಿ ಕಲ್ಲು ತುಂಬಿಕೊಂಡಿದ್ದೆ. ಜುಬೇದಾ ನಮ್ಮ ಹಿಂದೆ, ಸಾವಂತ್ರಿಯ ಬುತ್ತಿ ಹಿಡಿದು. ಹಗ್ಗ ಹಿಡಿದು ನಡೆದೆವು. ಓಣಿಯವರು ಬಾಗಿಲಿಗೆ ಬಂದು ನಿಂತರು. ಗೌಂಡಿ ಓಣಿಯ ಬಾಣಂತಿ ಕೂಸನ್ನೆತ್ತಿಕೊಂಡು ಬಂದು ಸಾವಂತ್ರಿಯ ಕಾಲಿಗೆ ಬಿದ್ದಳು. ಯಾಕೆ ಬೀಳುತ್ತಿದ್ದೇನೆ ಎಂಬುದು ಅವಳಿಗೂ ಪೂರ್ತಿ ತಿಳಿದಿರಲಿಕ್ಕಿಲ್ಲ.

ಬಾಯಿಯಲ್ಲಿ ಹಗ್ಗದ ಕೊನೆ ಒಂದು ಕಲ್ಲುಗೂಟಕ್ಕೆ ಕಟ್ಟಿದೆ. ಅಲ್ಲಿ ನಿಂತು ಅವಳು ಸೊಂಟದ ಕಲ್ಲು ಬಿಚ್ಚಿ ನನ್ನ ಜೋಳಿಗೆಗೆ ಹಾಕಿದಳು. "ನಿನಗ ಬೇಕಾಗತೈತಿ" ಎಂದಳು. ನಾನು ಏನಾದರೂ ಹೇಳಬೇಕಿತ್ತು. ಮೂರು ಸಂತೆ ಸುಮ್ಮನಿದ್ದವನಿಗೆ ಆಗಲೂ ಬಾಯಿ ಬರಲಿಲ್ಲ. ಅವಳು ಬುತ್ತಿ ತೆಗೆದುಕೊಂಡು ಜುಬೇದಾಳ ಗಲ್ಲ ಸವರಿ, ಹಗ್ಗ ಬಿಟ್ಟಳು. ಗಾಳಿ ಅವಳನ್ನು ಎತ್ತಿಕೊಂಡು ಹೋಗಲಿಲ್ಲ, ನಾನು ಅದಕ್ಕೆ ಹೆದರಿದ್ದೆ. ಹಿಮ್ಮಡಿ ಊರದೆ, ಹೊಸದಾಗಿ ನೆಲ ಸಾರಿಸಿದ ಮನೆಯಲ್ಲಿ ನಡೆಯುವವರ ಹಾಗೆ ತುದಿಗಾಲಲ್ಲಿ ಇಳಿದು ಹೋದಳು.

ಶನಿವಾರ, ಎಳ್ಳಮಾಸಿಯ ದಿನ, ಊರು ಬುಟ್ಟಿ ಹೊತ್ತು ಹೊಲಕ್ಕೆ ಹೋಗಿತ್ತು. ನಾನು ಬೀಸುವ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಖೋಲಿಯಲ್ಲಿ ಕೂತಿದ್ದೆ. ಇನ್ನೆರಡು ವಾರದಲ್ಲಿ ಅದೇ ಹಗ್ಗ ನನಗೆ ಎಂದು ಲೆಕ್ಕ ಹಾಕಿಯಾಗಿತ್ತು. ಜುಬೇದಾ ಹೊಲಕ್ಕೆ ಹೋಗದೆ ಓಡಿ ಬಂದಳು, ಏದುಸಿರು.

"ಅಜ್ಜಾರ, ಗೋಡಿ ಮ್ಯಾಲ ಬಂದೈತ್ರಿ. ಕೇಳೂ ಗೋಡಿ ಮ್ಯಾಲ. ಪುಟ ಹೊರಗಿನವರೂ ತಗೀಬಹುದಲ್ರೀ. ಅಕ್ಕಾರ ಬರದಾರ."

ಓದಿದಳು: "ಗದಿಗೆಪ್ಪಣ್ಣಗ ಕೇಳಿ ಹೇಳ್ರಿ. ಎಳ್ಳಮಾಸಿಗೆ ಅವ್ವ ಸಜ್ಜಿ ಕಡಬಿಗೆ ಮೆಂತೆ ಸೊಪ್ಪಿನ ಜೋಡಿ ಇನ್ನೊಂದು ಏನೋ ಹಾಕತಿದ್ಲು. ಇಲ್ಲಿ ಒಲಿ ಹಚ್ಚೀನಿ, ಹಿಟ್ಟು ಕಲಿಸಾಕ ಕುಂತೀನಿ, ಅದೊಂದು ನೆನಪಾಗವಲ್ದು. ಅಂವಗ ಗೊತ್ತಿರತೈತಿ."

"ಹುರಿದ ಅಗಸಿ" ಎಂದೆ. "ಒಂದು ಹಿಡಿ. ಪುಡಿ ಮಾಡಬಾರದು, ಅರ್ಧಂಬರ್ಧ ಕುಟ್ಟಬೇಕು. ಬರಿ, ಲಗೂನ ಬರಿ, ಆಕಿ ಕಲಿಸಿಬಿಟ್ಟಾಳು."

ಜುಬೇದಾ ಬರೆದಳು. ನಾನು ಒಲೆಯ ಕಡೆ ಹೋಗಲೆಂದು ಎದ್ದೆ. ನಾಲ್ಕು ಹೆಜ್ಜೆ ನಡೆದ ಮೇಲೆ ನನಗೆ ತಿಳಿಯಿತು, ಬೀಸುವ ಕಲ್ಲು ನೆಲದ ಮೇಲೆಯೇ ಇದೆ ಮತ್ತು ನನ್ನ ಹಿಮ್ಮಡಿ ನೆಲಕ್ಕೆ ತಾಗುತ್ತಿದೆ.

ಸೋಮವಾರ ತಕ್ಕಡಿ ಇಪ್ಪತ್ತೊಂಬತ್ತು ಎಂದಿತು. ದುಂಡಪ್ಪ ಎರಡು ಸಲ ನೋಡಿದ.

ಆಗ ನನಗೆ ಹೊಳೆದದ್ದನ್ನು ಬರೆಯುವುದು ಕಷ್ಟ. ಗೋಡೆ ಅಲ್ಲಿಯೇ ಇತ್ತು. ಪುಟದ ಕೊನೆಗೆ, ಎಲ್ಲರಿಗೂ ಕಾಣುವ ಹಾಗೆ. ಅದರ ಮೇಲೆ ನಾನು ಅವಳನ್ನು ಬೇಕಾದ ಮಾತು ಒಂದನ್ನು ನಿಜವಾಗಿ ಕೇಳಿದ್ದರೆ ಸಾಕಿತ್ತು, ಅವಳಿಗೂ ತೂಕ ಬರುತ್ತಿತ್ತು. ಅಷ್ಟು ವರ್ಷ ಅಮಾವಾಸ್ಯೆ ಯಾವಾಗ ಎಂದು ತಿಳಿಯಲು ನಾನು ಪುಟವನ್ನು ಓದಿಸಿಕೊಂಡು ಕೇಳಿದೆ. ಅದನ್ನು ಬರೆದವಳು ಮುಂದಿನ ಖೋಲಿಯಲ್ಲಿ ಇದ್ದಳು, ಒಂದು ದಿನವೂ ಅವಳನ್ನು ಕೇಳಲಿಲ್ಲ. ಆ ನಾಲ್ಕು ವಾರ ಕಲ್ಲು ಹುಡುಕಿದೆ, ಇಟ್ಟಿಗೆ ಹುಡುಕಿದೆ, ಹಗ್ಗಕ್ಕೆ ನಾಲ್ಕನೇ ಎಳೆ ಹಾಕಿದೆ. ಇಡೀ ಜೀವಮಾನ ಬೇರೆಯವರಿಂದ ಕೇಳಿಸಿಕೊಂಡವನಿಗೆ, ತಾನೂ ಒಬ್ಬರನ್ನು ಕೇಳಬಹುದು ಎಂಬುದು ತಲೆಗೆ ಬರಲಿಲ್ಲ.

"ನೀವೂ ಕೇಳ್ರಲಾ ಅಜ್ಜಾರ" ಎಂದಳು ಜುಬೇದಾ ಮುಂದಿನ ತಿಂಗಳು. ಈಗ ಕೇಳುತ್ತೇನೆ. ತಿಂಗಳಿಗೊಮ್ಮೆ ಅವಳ ಕೈಯಲ್ಲಿ ಗೋಡೆಯ ಮೇಲೆ ಬರೆಸುತ್ತೇನೆ, ಅಮಾಸಿಗೆ ಇನ್ನೆಷ್ಟು ದಿನ ಎಂದು. ಆ ವಾರ ಓಣಿಯಲ್ಲಿ ಯಾರಾದರೂ ಪುಟ ಓದತೊಡಗಿದರೆ ಎದ್ದು ಒಳಗೆ ಹೋಗುತ್ತೇನೆ, ಬೇರೆ ಯಾರಿಂದಲೂ ನನಗೆ ಗೊತ್ತಾಗಬಾರದು. ಸಂಜೆಯೊಳಗೆ ಉತ್ತರ ಬರುತ್ತದೆ, ಇಷ್ಟೇ ದಿನ ಎಂದು, ಒಮ್ಮೊಮ್ಮೆ "ಬೆಲ್ಲ ಕಡಿಮಿ ತಿನ್ನು" ಎಂಬ ಮಾತೂ ಸೇರಿ. ಅದರಿಂದ ಅವಳಿಗೆ ಅಲ್ಲಿ ತೂಕ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬಾಯಿ ದಾಟಿದವರ ತೂಕ ನಮ್ಮ ತಕ್ಕಡಿಗೆ ಕಾಣುವುದಿಲ್ಲ, ಆ ಕಡೆ ತಕ್ಕಡಿ ಇದೆಯೋ ಇಲ್ಲವೋ. ಕೇಳಿದರೆ ಅದೊಂದಕ್ಕೆ ಮಾತ್ರ ಅವಳು ಉತ್ತರ ಬರೆಯುವುದಿಲ್ಲ.

ಹೊಸ ಹಮಾಲ ಈಗಲೂ ಚೆನ್ನಾಗಿ ಕೆಲಸ ಮಾಡುತ್ತಾನೆ. ನೀರು ಹೇಳಿದ ಹೊತ್ತಿಗೆ ಬರುತ್ತದೆ. ಜುಬೇದಾ ಕೆಲಸದ ಹಾಳೆಯಲ್ಲಿ ನಾಲ್ಕನೇ ಸಾಲನ್ನು ಮತ್ತೆ ಬರೆದಿದ್ದಾಳೆ. ನನ್ನ ಹೆಸರಿಲ್ಲ ಅದರಲ್ಲಿ. "ಬೀಳುವವರ ಮನೆಗೆ ಹೋಗಿ ಕೇಳುವುದು" ಎಂದಿದೆ.

ಆ ವರ್ಷ ಊರು ಬಿಟ್ಟವರು ಒಬ್ಬರೇ. ನನ್ನ ತಂಗಿ ಸಾವಂತ್ರೆವ್ವ, ಮಾರ್ಗಶಿರ ಬಹುಳ ತ್ರಯೋದಶಿ, ಗುರುವಾರ, ಎಳ್ಳಮಾಸಿಗೆ ಎರಡು ದಿನ ಇರುವಾಗ.